ಪೀಣ್ಯಕ್ಕೆ ಹೋಗುವ ಮುನ್ನ: ಕ್ಯಾಡ್ ವಿನ್ಯಾಸಕ್ಕೆ ತಕ್ಕ ವರ್ಕ್‌ಶಾಪ್ ಹುಡುಕುವ ಬಗೆ

ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿದ ಬಿಡಿಭಾಗವೊಂದನ್ನು ಲೋಹದಲ್ಲಿ ಮಾಡಿಸಬೇಕೆಂದು ಬೆಂಗಳೂರಿನಲ್ಲಿ ಯಾರನ್ನು ಕೇಳಿದರೂ ‘ಪೀಣ್ಯಕ್ಕೆ ಹೋಗಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಉತ್ತರ ತಪ್ಪೇನಲ್ಲ, ಆದರೆ ಅರ್ಧದ್ದು. ಆ ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳಲ್ಲಿ ಒಂದೊಂದರದೂ ಒಂದೊಂದು ಕಸುಬು: ಒಬ್ಬರ ಬಳಿ ಲೇತ್ (ತುಂಡನ್ನು ತಿರುಗಿಸುತ್ತಾ ಕಡೆಯುವ ಯಂತ್ರ) ಮಾತ್ರ ಇದ್ದರೆ, ಪಕ್ಕದವರ ಬಳಿ ಎರಡು ವಿಎಂಸಿ (ಕಟರ್ ಮೇಲಿನಿಂದ ಇಳಿದು ಕೊರೆಯುವ ಕಂಪ್ಯೂಟರ್ ನಿಯಂತ್ರಿತ ಯಂತ್ರ) ಇರುತ್ತವೆ, ಎದುರಿನವರು ಗ್ರೈಂಡಿಂಗ್ ಬಿಟ್ಟು ಬೇರೆ ಕೆಲಸವನ್ನು ಮುಟ್ಟುವುದಿಲ್ಲ. ಆದುದರಿಂದ ವಿಳಾಸ ಹುಡುಕುವ ಮೊದಲು, ನಮ್ಮ ಭಾಗವು ಯಾವ ಯಂತ್ರದ ಮೇಲೆ ತಯಾರಾಗಬೇಕು ಎಂಬುದನ್ನು ನಾವೇ ತೀರ್ಮಾನಿಸಿಕೊಂಡಿರಬೇಕು.

ಶಾಫ್ಟ್, ಬುಷ್‌ಗಳಂತಹ ದುಂಡನೆಯ ಭಾಗಗಳು ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಲೇತಿಗೆ ಸೇರಿದವು. ಗಟ್ಟಿ ಲೋಹದ ತುಂಡಿನಿಂದ ಕೊರೆದು ತೆಗೆಯುವಂಥವು ವಿಎಂಸಿಗೆ, ತಗಡಿನಲ್ಲಿ ಕತ್ತರಿಸಿ ಮಡಿಸುವಂಥವು ಲೇಸರ್ ಕಟಿಂಗ್ ಮತ್ತು ಬೆಂಡಿಂಗ್ ಮಾಡುವವರಿಗೆ, ಹದ ಕೊಟ್ಟ ಉಕ್ಕಿನಲ್ಲಿ ಕಿರಿದಾದ ಸೀಳು ಬೇಕಿದ್ದರೆ ವಿದ್ಯುತ್ ಹರಿಯುವ ತಂತಿಯಿಂದ ಕತ್ತರಿಸುವ ವೈರ್‌ಕಟ್ ಇರುವವರಿಗೆ ಒಪ್ಪಿಸಬೇಕು. ಎರಕದ ಕೆಲಸವಾದರೆ ಬೆಳಗಾವಿ, ಶಿವಮೊಗ್ಗದ ಫೌಂಡ್ರಿಗಳನ್ನೂ ವಿಚಾರಿಸುವುದು ಲೇಸು.

ಒಂದು ಉದಾಹರಣೆಯನ್ನು ಹಿಡಿದುಕೊಳ್ಳೋಣ. 6202 ಬೇರಿಂಗ್ ಕೂರಿಸಲು ಅಲ್ಯೂಮಿನಿಯಂ 6061ರಲ್ಲಿ 20 ಹೌಸಿಂಗ್‌ಗಳು ಬೇಕೆನ್ನಿ. ಆ ಬೇರಿಂಗಿನ ಹೊರವ್ಯಾಸ 35 ಮಿ.ಮೀ. ನಮ್ಮ ಕ್ಯಾಡ್ ಮಾದರಿಯಲ್ಲಿ ರಂಧ್ರವೂ ಸರಿಯಾಗಿ 35 ಮಿ.ಮೀ. ಇರುತ್ತದೆ. ಮಾದರಿಯ ಆಕಾರವನ್ನು ಹೊತ್ತೊಯ್ಯುವ ಸ್ಟೆಪ್ ಫೈಲನ್ನಷ್ಟೇ ಕಳುಹಿಸಿದರೆ ವರ್ಕ್‌ಶಾಪಿನವರಿಗೆ ತಿಳಿಯುವುದು ಇಷ್ಟೇ. ಆ ರಂಧ್ರವು 35.000ರಿಂದ 35.025ರ ಒಳಗೆ, ಅಂದರೆ ಎಚ್7 ಎಂಬ ಬಿಗಿ ಮಿತಿಯಲ್ಲಿ ಇರಬೇಕೆಂಬ ಸಂಗತಿ ಮಾದರಿಯ ಆಕಾರದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಐಎಸ್‌ಒ 2768 ಎಂಬ ಅಂತರರಾಷ್ಟ್ರೀಯ ಮಾನದಂಡದ ಮಧ್ಯಮ ದರ್ಜೆಯ ಸಾಮಾನ್ಯ ಟಾಲರೆನ್ಸನ್ನು (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸವನ್ನು) ಅನ್ವಯಿಸಿದರೆ ಅದೇ ಅಳತೆಗೆ 0.3 ಮಿ.ಮೀ. ಹೆಚ್ಚು ಕಡಿಮೆಯಾಗಲು ಅವಕಾಶವಿದ್ದು, ಬೇರಿಂಗ್ ಒಳಗೆ ಹೋಗದೆಯೂ ಇರಬಹುದು, ಗಳಗಳ ಆಡಲೂಬಹುದು. ಹೀಗಾಗಿ ಸ್ಟೆಪ್ ಫೈಲಿನ ಜೊತೆಗೆ ಪಿಡಿಎಫ್ ಡ್ರಾಯಿಂಗ್ ಇರಲೇಬೇಕು. ಲೋಹದ ದರ್ಜೆ, ಮುಖ್ಯ ಅಳತೆಗಳ ಟಾಲರೆನ್ಸ್, ಉಳಿದವುಗಳಿಗೆ ಸಾಮಾನ್ಯ ಟಾಲರೆನ್ಸ್, ಮೇಲ್ಮೈಯ ನುಣುಪು, ಥ್ರೆಡ್‌ಗಳ ಅಳತೆ ಮತ್ತು ಆಳ, ಬೇಕಾದ ಸಂಖ್ಯೆ ಇವೆಲ್ಲ ಅದರಲ್ಲಿ ಬರೆದಿರಬೇಕು. ಎಲ್ಲ ಅಳತೆಗೂ ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ) ಲೆಕ್ಕದ ಬಿಗಿ ಮಿತಿ ಹಾಕುವುದು ಹೊಸಬರ ಇನ್ನೊಂದು ಚಟ. ಬೇರಿಂಗ್ ಕೂರದ ಮೈಗೆ ಎಚ್7 ಕೇಳಿದರೆ ಹಣ ವ್ಯರ್ಥವೇ ಹೊರತು ಗುಣಮಟ್ಟವೇನೂ ಹೆಚ್ಚುವುದಿಲ್ಲ.

ಡ್ರಾಯಿಂಗಿನ ವಿಷಯದಲ್ಲಿ ನಾನು ಕಲಿತ ಪಾಠ ಸ್ವಲ್ಪ ದುಬಾರಿಯದು. ಭಾಗದ ಬೇರೆ ಬೇರೆ ನೋಟಗಳನ್ನು ಹಾಳೆಯಲ್ಲಿ ಜೋಡಿಸಲು ಭಾರತದಲ್ಲಿ ಬಳಕೆಯಲ್ಲಿರುವುದು ಫಸ್ಟ್ ಆ್ಯಂಗಲ್ ಪದ್ಧತಿ. ಇದರಲ್ಲಿ ಬಲಬದಿಯ ನೋಟವನ್ನು ಮುಂನೋಟದ ಎಡಕ್ಕೆ ಬರೆಯುತ್ತಾರೆ. ನನ್ನ ಸಾಫ್ಟ್‌ವೇರಿನ ಟೆಂಪ್ಲೇಟ್ ಅಮೆರಿಕದ ಥರ್ಡ್ ಆ್ಯಂಗಲ್ ಪದ್ಧತಿಯದಾಗಿತ್ತು (ಅದರಲ್ಲಿ ಬಲಬದಿಯ ನೋಟ ಬಲಕ್ಕೇ ಬರುತ್ತದೆ), ಯಾವ ಪದ್ಧತಿ ಎಂದು ಸೂಚಿಸುವ ಚಿಹ್ನೆಯನ್ನು ನಾನು ಅಳಿಸಿಬಿಟ್ಟಿದ್ದೆ. ಆರು ಬ್ರ್ಯಾಕೆಟ್‌ಗಳು ಅಚ್ಚುಕಟ್ಟಾಗಿಯೇ ಬಂದವು, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ ಆಗಿ. ಕೆಲಸದವರನ್ನು ದೂರುವಂತೆಯೂ ಇರಲಿಲ್ಲ.

ದರದ ಗುಟ್ಟು ಬಹುಪಾಲು ಸೆಟ್ಟಿಂಗಿನಲ್ಲಿದೆ. ಪ್ರೋಗ್ರಾಂ ಬರೆದು, ಟೂಲ್‌ಗಳನ್ನು ಜೋಡಿಸಿ, ತುಂಡನ್ನು ವೈಸಿನಲ್ಲಿ ಹಿಡಿದು ಶೂನ್ಯಬಿಂದು ಹೊಂದಿಸುವ ಶ್ರಮ ಒಂದು ಹೌಸಿಂಗಿಗೂ ಇಪ್ಪತ್ತಕ್ಕೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಕೊಟೇಷನ್ ಕೇಳುವಾಗ 1, 5 ಮತ್ತು 20 ಸಂಖ್ಯೆಗಳಿಗೆ ಬೇರೆ ಬೇರೆ ದರ ಕೇಳಬೇಕು. ಕಚ್ಚಾವಸ್ತು, ಆನೊಡೈಸಿಂಗ್ (ಅಲ್ಯೂಮಿನಿಯಂ ಮೇಲಿನ ರಕ್ಷಣಾ ಲೇಪನ), ಜಿಎಸ್‌ಟಿ ಸೇರಿದೆಯೇ ಇಲ್ಲವೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ವಿನ್ಯಾಸವೂ ದರವನ್ನು ಏರಿಸುತ್ತದೆ. 20 ಮಿ.ಮೀ. ಆಳದ ಪಾಕೆಟಿನ (ಕೊರೆದ ಗುಳಿಯ) ಮೂಲೆಗೆ 1 ಮಿ.ಮೀ. ತ್ರಿಜ್ಯ ಕೊಟ್ಟರೆ, 2 ಮಿ.ಮೀ. ವ್ಯಾಸದ ತೆಳ್ಳನೆಯ ಕಟರನ್ನು ಅದರ ಹತ್ತು ಪಟ್ಟು ಆಳಕ್ಕೆ ಇಳಿಸಬೇಕಾಗುತ್ತದೆ. ಅದು ನಡುಗುತ್ತದೆ, ಮುರಿಯುತ್ತದೆ, ಗಂಟೆಗಳನ್ನು ನುಂಗುತ್ತದೆ. ಅದೇ ಮೂಲೆಗೆ 5 ಮಿ.ಮೀ. ತ್ರಿಜ್ಯ ಸಾಕೆಂದರೆ ಕೆಲಸ ಸರಾಗವಾಗಿ ಮುಗಿಯುತ್ತದೆ.

ಇಷ್ಟು ಸಿದ್ಧವಾದ ಮೇಲೆ ಹುಡುಕಾಟಕ್ಕೆ ಹೊರಡಬಹುದು. ಪೀಣ್ಯವಲ್ಲದೆ ರಾಜಾಜಿನಗರ, ಕಾಮಾಕ್ಷಿಪಾಳ್ಯ, ಬೊಮ್ಮಸಂದ್ರ, ಮೈಸೂರಿನ ಹೆಬ್ಬಾಳ, ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಗಳಲ್ಲಿಯೂ ಜಾಬ್‌ವರ್ಕ್ ಘಟಕಗಳಿವೆ. ನನ್ನ ಅನುಭವದಲ್ಲಿ ಒಳ್ಳೆಯ ದಾರಿತೋರುಗರೆಂದರೆ ಲೋಹ ಮಾರುವವರು ಮತ್ತು ಕಟಿಂಗ್ ಟೂಲ್ ಮಾರುವವರು, ಏಕೆಂದರೆ ಯಾರ ಯಂತ್ರ ಯಾವ ಕೆಲಸಕ್ಕೆ ಓಡುತ್ತಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಟೂಲ್ ಮತ್ತು ಡೈಗಳ ಕೆಲಸಕ್ಕೆ ವಿಚಾರಿಸಬಹುದಾದ ಜಾಗ. ಫೈಲ್ ಏರಿಸಿದ ಕೂಡಲೇ ದರ ಹೇಳುವ ಆನ್‌ಲೈನ್ ಸೇವೆಗಳು ಊರಿನಿಂದ ದೂರ ಇರುವವರಿಗೆ ಅನುಕೂಲ, ಆದರೆ ಅಲ್ಲಿ ‘ಈ ಮೂಲೆಯನ್ನು ಸ್ವಲ್ಪ ದೊಡ್ಡದು ಮಾಡಬಹುದೇ ಸಾರ್?’ ಎಂದು ಕೇಳುವವರು ಸಿಗುವುದು ಅಪರೂಪ. ನನಗಂತೂ ಆ ಒಂದು ಪ್ರಶ್ನೆ ಕೇಳುವವರ ಮೇಲೆಯೇ ಹೆಚ್ಚು ನಂಬಿಕೆ.

ಮೂರು ಕೊಟೇಷನ್ ಬಂದ ಮೇಲೆ ಕನಿಷ್ಠ ಇಬ್ಬರ ವರ್ಕ್‌ಶಾಪಿಗೆ ಖುದ್ದಾಗಿ ಹೋಗಿ ನೋಡಬೇಕು. ಯಂತ್ರದ ಹೊಸತನಕ್ಕಿಂತ ಅಳೆಯುವ ಸಾಧನಗಳನ್ನು ಗಮನಿಸಬೇಕು. ವರ್ನಿಯರ್ ಒಂದೇ ಇರುವ ಕಡೆ 25 ಮೈಕ್ರಾನ್ ಮಿತಿಯ ರಂಧ್ರವನ್ನು ಖಚಿತವಾಗಿ ಪರೀಕ್ಷಿಸಲಾಗದು. ರಂಧ್ರವನ್ನು ಪರೀಕ್ಷಿಸುವ ಬೋರ್ ಗೇಜ್ ಅಥವಾ ಪ್ಲಗ್ ಗೇಜ್ ಇದೆಯೇ, ಅದರ ಕ್ಯಾಲಿಬ್ರೇಷನ್ ಯಾವಾಗ ಆಗಿದೆ ಎಂದು ಸಂಕೋಚವಿಲ್ಲದೆ ಕೇಳಿ.

ಆರ್ಡರ್ ಕೊಡುವಾಗ ಮೊದಲು ಒಂದೇ ತುಂಡನ್ನು ಮಾಡಿಸಿ, ಅಳತೆಯ ವರದಿಯೊಡನೆ ಪಡೆದು, ಒಪ್ಪಿಗೆ ಕೊಟ್ಟ ನಂತರವೇ ಉಳಿದ ಹತ್ತೊಂಬತ್ತನ್ನು ಆರಂಭಿಸಬೇಕೆಂದು ಬರೆದುಕೊಡಿ. ಬೇರಿಂಗನ್ನು ಕೈಯಲ್ಲೇ ಒಯ್ದು ಅಲ್ಲಿಯೇ ಕೂರಿಸಿ ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಆನೊಡೈಸಿಂಗ್ ಇದ್ದರೆ ಆ ಪರೀಕ್ಷೆಯನ್ನು ಲೇಪನದ ನಂತರ ಇನ್ನೊಮ್ಮೆ ಮಾಡಬೇಕು, ಏಕೆಂದರೆ ಲೇಪನದ ದಪ್ಪದ ಸುಮಾರು ಅರ್ಧದಷ್ಟು ಹೊರಕ್ಕೆ ಬೆಳೆದು ರಂಧ್ರವನ್ನು ಕಿರಿದಾಗಿಸುತ್ತದೆ. ಅಷ್ಟು ಜಾಗ ಬಿಟ್ಟು ಕೊರೆಯಬೇಕೋ, ಇಲ್ಲವೇ ರಂಧ್ರವನ್ನು ಮುಚ್ಚಿ ಲೇಪಿಸಬೇಕೋ ಎಂಬುದನ್ನು ಡ್ರಾಯಿಂಗಿನಲ್ಲೇ ಬರೆದು, ಪರಿಷ್ಕರಣೆಯ ಸಂಖ್ಯೆಯನ್ನು ಬದಲಿಸಿ, ಹಳೆಯ ಪ್ರತಿಯನ್ನು ಅವರ ಮೇಜಿನಿಂದ ವಾಪಸು ತೆಗೆದುಕೊಂಡು ಬನ್ನಿ.