ಪಲ್ಪಿಂಗ್ ನೀರಿನಿಂದ ಹೈಡ್ರೋಜನ್: ನನ್ನ ಅನುಭವ

ಈ ಸಲದ ಅರೇಬಿಕಾ ಕಾಫಿ ಸೀಸನ್‌ನಲ್ಲಿ ಪಲ್ಪಿಂಗ್ ನೀರಿನಿಂದ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ತೊಳೆದ ನೀರಿನಿಂದ, ಹೈಡ್ರೋಜನ್ ಗ್ಯಾಸ್ ಕೈಕೊಡದೆ ಬಂತು. ಕರೆಂಟ್ ಹೋಗಿ ಪಂಪ್ ನಿಂತ ದಿನಗಳನ್ನು ಬಿಟ್ಟರೆ ಡಿಸೆಂಬರ್ ಪೂರ್ತಿ ಬಂತು. "ಏನ್ರೀ, ತೋಟದಿಂದ ರಾಕೆಟ್ ಬಿಡ್ತೀರಂತೆ" ಎಂದು ಕಣದಲ್ಲಿ ನಿಂತು ನಗುತ್ತಿದ್ದ ಪಕ್ಕದ ತೋಟದವರೇ ಮೊನ್ನೆ ಬಂದು, ಗ್ಯಾಸ್ ತುಂಬಿ ಡ್ರಮ್ ಮೇಲೇಳುವುದನ್ನು ನೋಡಿಕೊಂಡು ಹೋದರು. ಅದಕ್ಕೇ ಬರೆಯುವ ಹುರುಪು ಬಂದಿದ್ದು.

ಗೋಬರ್ ಗ್ಯಾಸ್ ನಡೆಸಿ ಗೊತ್ತಿರುವವರಿಗಾಗಿ ಇದು. ಮೀಥೇನ್ ಹೇಗೆ ಹುಟ್ಟುತ್ತೆ ಅಂತೆಲ್ಲ ಹೇಳಲು ಹೋಗಲ್ಲ. ನಮಗೆ ಇಲ್ಲಿ ಬೇಕಾಗಿರುವುದು ಅದರ ಅರ್ಧ ದಾರಿ ಮಾತ್ರ. ಸಕ್ಕರೆ ಒಡೆದು ಹುಳಿಯಾಗುವಾಗ ಹೈಡ್ರೋಜನ್ ಹೊರಡುತ್ತೆ. ಮೀಥೇನ್ ಮಾಡುವ ಜೀವಿಗಳು ಪಕ್ಕದಲ್ಲಿದ್ದರೆ ಅದನ್ನು ಅಲ್ಲೇ ತಿಂದು ಮುಗಿಸುತ್ತವೆ. ಅವನ್ನು ಹೊರಗಿಟ್ಟರೆ ಗೆದ್ದಂತೆ. ಹೇಳೋದು ಸುಲಭ, ಅಲ್ವಾ.

ಮೊದಲ ವರ್ಷ ಗೋಬರ್ ಗ್ಯಾಸ್ ಹೊಂಡದ ಬಗ್ಗಡವನ್ನೇ ನೇರವಾಗಿ ಸುರಿದೆವು. ಎರಡು ದಿನ ಏನೋ ಬಂತು, ಆಮೇಲೆ ಬರೀ ಮೀಥೇನ್. ಮುಂದಿನ ವರ್ಷ ಬಗ್ಗಡವನ್ನು ಬಚ್ಚಲು ಹಂಡೆಯಲ್ಲಿ ಹಾಕಿ ಒಂದು ಗಂಟೆ ಹತ್ತಿರ ಕುದಿಸಿದೆವು. ಮೀಥೇನ್ ಜೀವಿಗಳು ಸಾಯುತ್ತವೆ, ಹೈಡ್ರೋಜನ್ ಮಾಡುವ ಕ್ಲಾಸ್ಟ್ರಿಡಿಯಮ್ ಬ್ಯಾಕ್ಟೀರಿಯಾದ ಬೀಜಕಣಗಳು ಬದುಕಿಕೊಳ್ಳುತ್ತವೆ. ನಮಗೆ ಬೇಕಾದ್ದು ಅವೇ. ಮನೆಯಲ್ಲಿ ಆ ಹಂಡೆಯನ್ನು ಆಮೇಲೆ ಯಾರೂ ಮುಟ್ಟಲಿಲ್ಲ, ಹೊಸದು ತರಬೇಕಾಯಿತು. ಅದು ಬೇರೆ ಖರ್ಚು.

ಕುದಿಸಿದ ಮೇಲೆ ಗ್ಯಾಸ್ ಬಂತು, ಆದರೆ ರಾತ್ರಿ ಕಳೆಯುವಷ್ಟರಲ್ಲಿ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 4ಕ್ಕೆ ಇಳಿದು ಎಲ್ಲ ನಿಂತಿತು. ಮುಚ್ಚಳ ತೆಗೆದರೆ ಹಳಸಿದ ಬೆಣ್ಣೆಯ ವಾಸನೆ. ಆ ವಾಸನೆ ಕೆಟ್ಟ ಲಕ್ಷಣ ಅಂದುಕೊಂಡು ಎಷ್ಟೋ ಬ್ಯಾಚ್ ಚೆಲ್ಲುವವರಿದ್ದಾರೆ. ಚೆಲ್ಲಬೇಡಿ. ಅದು ಬ್ಯುಟಿರಿಕ್ ಆಸಿಡ್, ಹೈಡ್ರೋಜನ್ ಜೊತೆಗೇ ಹುಟ್ಟುವುದು. ವಾಸನೆ ಬರದೆ ಮೊಸರಿನ ಹಾಗೆ ಬರೀ ಹುಳಿ ಹೊಡೆದರೆ ಆಗ ಚಿಂತೆ ಮಾಡಿ, ಲ್ಯಾಕ್ಟಿಕ್ ಜೀವಿಗಳು ಸೇರಿಕೊಂಡಿವೆ ಅಂತ ಅರ್ಥ. ಬೀಜ ತೊಳೆಯುವ ವಾಷರ್‌ನ ನೀರನ್ನು ರಾತ್ರಿಯಿಡೀ ತೊಟ್ಟಿಯಲ್ಲಿ ಬಿಟ್ಟರೆ ಹೀಗಾಗುತ್ತೆ. ಈಗ ನಾವು ಸಂಜೆ ಪಲ್ಪಿಂಗ್ ಮುಗಿದ ಕೂಡಲೇ ಮೊದಲ ತೊಳೆಯ ಲೋಳೆ ನೀರನ್ನಷ್ಟೇ ಹಿಡಿಯುತ್ತೇವೆ. ಸಕ್ಕರೆ ಇರುವುದು ಅದರಲ್ಲೇ. ಎರಡನೇ ತೊಳೆಯ ನೀರು ತೆಳ್ಳಗಿರುತ್ತೆ, ಅದಕ್ಕೆ ಟ್ಯಾಂಕಿನಲ್ಲಿ ಜಾಗ ಕೊಡುವುದು ದಂಡ.

ಪಿಎಚ್ 5.5ರ ಆಸುಪಾಸು ನಿಲ್ಲಬೇಕು. ಸುಣ್ಣ ಹಾಕಿ ನೋಡಿದೆ. ನಿಲ್ಲುತ್ತೆ, ಆದರೆ ಒಂದೇ ಸೀಸನ್‌ಗೆ ಸುಣ್ಣಕ್ಕೇ ಹತ್ತು ಹನ್ನೆರಡು ಸಾವಿರ ಹೋಯಿತು, ತಳದಲ್ಲಿ ಗಟ್ಟಿ ಪದರ ಬೇರೆ. ಈಗ ಹುಳಿಯಾದ ನೀರು ಮುಂದೆ ಹೋಗಿ ಮೀಥೇನ್ ಆಗುವ ಎರಡನೇ ಟ್ಯಾಂಕಿನಿಂದ ಹೊರಬರುವ ನೀರನ್ನೇ ಬಿಸಿಮಾಡಿ ಮೊದಲನೆಯದಕ್ಕೆ ವಾಪಸ್ ಬಿಡುತ್ತೇನೆ. ಅದರಲ್ಲಿ ಕ್ಷಾರ ಇರುತ್ತೆ, ಸುಣ್ಣ ಮುಕ್ಕಾಲು ಪಾಲು ಉಳಿಯಿತು. ಎಷ್ಟು ಪಾಲು ಬಿಡಬೇಕು, ಯಾವ ಹೊತ್ತಿಗೆ ಬಿಡಬೇಕು ಅನ್ನೋದನ್ನು ಮಾತ್ರ ಬರೆಯಲ್ಲ. ಅದಕ್ಕೆ ನಾನು ತುಂಬಾ ದುಡ್ಡು ಕೊಟ್ಟಿದ್ದೇನೆ.

ಬಿಸಿಯದ್ದು ಇನ್ನೊಂದು ತಲೆನೋವು. ಜೀವಿಗಳಿಗೆ 35-37 ಡಿಗ್ರಿ ಬೇಕು. ನಮ್ಮ ಮಲೆನಾಡಿನಲ್ಲಿ ಡಿಸೆಂಬರ್ ರಾತ್ರಿ 15ಕ್ಕೆ ಇಳಿಯುತ್ತೆ. ಟ್ಯಾಂಕಿನ ಸುತ್ತ ಹುಲ್ಲು ಕಟ್ಟಿ, ಮೇಲೆ ಟಾರ್ಪಾಲ್ ಹೊದಿಸಿ, ಒಲೆಯಿಂದ ತಾಮ್ರದ ಸುರುಳಿ ಎಳೆದೆವು. ಒಲೆಗೆ ಕಾಫಿ ಬೀಜದ ಪಾರ್ಚ್‌ಮೆಂಟ್ ಹೊಟ್ಟು, ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಮಾಡಿದಾಗ ಬಿದ್ದ ಸಿಲ್ವರ್ ಓಕ್ ಕೊಂಬೆ. ಸೌದೆಗೆ ದುಡ್ಡಿಲ್ಲ, ರಾತ್ರಿ ಎದ್ದು ಉರಿ ನೋಡುವವನಿಗೆ ಮಾತ್ರ ಸಂಬಳ.

ಗ್ಯಾಸ್ ಹಿಡಿಯುವುದಕ್ಕೆ ಒಂದು ಕಂಪನಿಯಿಂದ ಬಲೂನ್ ತರಿಸಿದೆ. ಹದಿನೆಂಟು ಸಾವಿರವೋ ಏನೋ. "ಹೈಡ್ರೋಜನ್‌ಗೂ ನಡೆಯುತ್ತೆ ಸರ್" ಅಂದಿದ್ದರು. ಸಂಜೆ ಉಬ್ಬಿದ್ದು ಬೆಳಿಗ್ಗೆ ಸುಕ್ಕುಗಟ್ಟಿರುತ್ತಿತ್ತು. ಸೋಪಿನ ನೀರು ಹಚ್ಚಿದರೆ ಹೊಲಿಗೆಯ ಉದ್ದಕ್ಕೂ ಗುಳ್ಳೆ. ಫೋನ್ ಮಾಡಿದರೆ ಎತ್ತಲಿಲ್ಲ. ಕೊನೆಗೆ ಹಳೆ ಗೋಬರ್ ಗ್ಯಾಸ್ ಮಾದರಿಯ ತೇಲುವ ಡ್ರಮ್ಮನ್ನೇ ಚಿಕ್ಕದಾಗಿ ವೆಲ್ಡಿಂಗ್ ಮಾಡಿಸಿದೆ. ಅದು ಸೋರಿಲ್ಲ. ಅದಿರುವ ಜಾಗಕ್ಕೆ ಗೋಡೆ ಇಲ್ಲ, ಮಾಡಿನ ನೆತ್ತಿ ತೆರೆದಿದೆ, ಸ್ವಿಚ್ಚು ಬಲ್ಬು ಏನೂ ಇಲ್ಲ. ಗಾಳಿಯಲ್ಲಿ ಹೈಡ್ರೋಜನ್ 4 ಪರ್ಸೆಂಟ್ ಸೇರಿದರೆ ಸಾಕು, ಹೊತ್ತಿಕೊಳ್ಳುತ್ತೆ. 75ರವರೆಗೂ ಹೊತ್ತಿಕೊಳ್ಳುತ್ತೆ. ಈ ವಿಷಯದಲ್ಲಿ ಜುಗ್ಗತನ ಬೇಡ. ಒಲೆಗೆ ಹೋಗುವ ಪೈಪಿನಲ್ಲಿ ನೀರಿನ ಸೀಲ್ (ಉರಿ ಹಿಂದಕ್ಕೆ ಹೋಗದಂತೆ ಗ್ಯಾಸನ್ನು ನೀರಿನ ಮೂಲಕ ಹಾಯಿಸುವ ತಡೆ) ಇಡದೆ ಉರಿ ಹಚ್ಚಬೇಡಿ.

ಉರಿ ಅಂದರೆ, ಅದು ಕಾಣುವುದೇ ಇಲ್ಲ. ಬರೀ ಹೈಡ್ರೋಜನ್ ಹಚ್ಚಿದ ದಿನ ಬಿಸಿಲಿತ್ತು. ಬರ್ನರ್ ಆರಿದೆ ಅಂತ ಕೆಲಸದ ಹುಡುಗ ಕೈ ಚಾಚಿದ, ನಾನು ಎಳೆದುಕೊಂಡೆ. ಆಮೇಲೆ ಒಂದು ಪೊರಕೆ ಕಡ್ಡಿಯನ್ನು ಮೆಲ್ಲಗೆ ಮುಂದೆ ಹಿಡಿದೆವು. ಬರ್ನರ್‌ಗಿಂತ ಗೇಣುದ್ದ ಮೇಲೆಯೇ ತುದಿ ಕೆಂಪಾಗಿ ಹೊತ್ತಿಕೊಂಡಿತು. ಈಗ ಒಲೆಯ ಪಕ್ಕ ಯಾವಾಗಲೂ ಒಂದು ಪೊರಕೆ ಇರುತ್ತೆ.

ಬರುವ ಗ್ಯಾಸ್‌ನಲ್ಲಿ ಸುಮಾರು ಅರ್ಧ ಹೈಡ್ರೋಜನ್, ಉಳಿದದ್ದು ಇಂಗಾಲದ ಡೈಆಕ್ಸೈಡ್. ಸುಣ್ಣದ ತಿಳಿಯಲ್ಲಿ ಹಾಯಿಸಿದರೆ ಅದು ಅಲ್ಲೇ ಉಳಿಯುತ್ತೆ. ಒಂದು ಕಾಲೇಜಿನ ಲ್ಯಾಬ್‌ಗೆ ಕೊಟ್ಟು ನೋಡಿಸಿದೆ. ಸುಣ್ಣದ ತಿಳಿಯಲ್ಲಿ ತೊಳೆದ ಮೇಲೆ ಹೈಡ್ರೋಜನ್ 90 ಪರ್ಸೆಂಟ್ ದಾಟಿತ್ತು. ಅಲ್ಲಿನ ಮೇಷ್ಟ್ರು ಎರಡೆರಡು ಸಲ ಓಡಿಸಿ ನೋಡಿದರಂತೆ. ಇದನ್ನು ಹೇಳದೆ ಇರಲು ನನ್ನಿಂದ ಆಗಲ್ಲ.

ಈಗ ದುಡ್ಡಿನ ಮಾತು. ದಿನಕ್ಕೆ ಸಾವಿರ ಲೀಟರ್ ಲೋಳೆ ನೀರಿಗೆ ನನಗೆ ಸಿಗುವುದು ಒಂದೂವರೆ ಘನ ಮೀಟರ್ ಹೈಡ್ರೋಜನ್. ಎಲ್‌ಪಿಜಿ ಲೆಕ್ಕದಲ್ಲಿ ಕಾಲು ಕೆಜಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ! ಪುಸ್ತಕದ ಪ್ರಕಾರ ಒಂದು ಮೋಲ್ (ಅಣುಗಳ ಎಣಿಕೆಯ ಅಳತೆ) ಗ್ಲೂಕೋಸ್‌ಗೆ 4 ಮೋಲ್ ಹೈಡ್ರೋಜನ್. ನನಗೆ ಒಂದು, ಒಂದೂಕಾಲು ಸಿಕ್ಕರೆ ಹಬ್ಬ. ಕಾಸು ಹುಟ್ಟುವುದು ಎರಡನೇ ಟ್ಯಾಂಕಿನಲ್ಲಿ. ಮೊದಲನೆಯದರಲ್ಲಿ ಅರ್ಧ ದಿನ ನಿಂತು ಹುಳಿಯಾದ ನೀರು ಅಲ್ಲಿಗೆ ಹೋಗಿ ಮೀಥೇನ್ ಆಗುತ್ತೆ. ಅದು ದಿನಕ್ಕೆ ಮೂರು ಕೆಜಿ ಎಲ್‌ಪಿಜಿಯಷ್ಟು. ಹಿಂದೆ ಒಂದೇ ಟ್ಯಾಂಕ್ ಇದ್ದಾಗ ಸೀಸನ್ ಮಧ್ಯೆ ಹುಳಿ ಹೆಚ್ಚಿ ಇಡೀ ಹೊಂಡ ಮಲಗಿಬಿಡುತ್ತಿತ್ತು. ಈಗ ಹುಳಿಯಾಗುವ ಕೆಲಸ ಬೇರೆ ಕಡೆ, ಮೀಥೇನ್ ಕೆಲಸ ಬೇರೆ ಕಡೆ. ಮೂರು ವಾರ ನಿಲ್ಲಬೇಕಿದ್ದ ನೀರು ಒಂದು ವಾರದೊಳಗೆ ತಿಳಿಯಾಗಿ ಹೊರಡುತ್ತೆ, ಹಳ್ಳಕ್ಕೆ ನಾತ ಹೋಗಲ್ಲ. ಎರಡೂ ಗ್ಯಾಸ್ ಬೆರೆಸಿ ಲೈನ್ ಮನೆಯ (ಕೆಲಸದವರ ಸಾಲುಮನೆ) ಅಡುಗೆಗೆ ಕೊಟ್ಟಿದ್ದೇನೆ. ಹಳೆ ಗೋಬರ್ ಗ್ಯಾಸ್ ಒಲೆಯೇ ನಡೆಯುತ್ತೆ.

ಇಲ್ಲಿಯವರೆಗೆ ಸುಮಾರು ಮೂರು ಲಕ್ಷ ಹೋಗಿದೆ. ಸೀಸನ್‌ಗೆ ಸಿಲಿಂಡರ್, ಸುಣ್ಣ ಎಲ್ಲ ಸೇರಿ ಮೂವತ್ತು ಸಾವಿರ ಉಳಿದರೆ ಹೆಚ್ಚು. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿಗೆ ಒಪ್ಪಿಗೆ ಕೊಟ್ಟಾಗ ನನಗೂ ಆಸೆ ಆಯಿತು. ಆದರೆ ಅದು ಮುಖ್ಯವಾಗಿ ಸೋಲಾರ್, ಗಾಳಿ ಕರೆಂಟಿನಲ್ಲಿ ನೀರು ಒಡೆದು ಹೈಡ್ರೋಜನ್ ತೆಗೆಯುವವರಿಗೆ.

ಮಳೆಗಾಲದಲ್ಲಿ ಸುಮ್ನೆ ಕೂರಲಾಗದೆ ಬೇರೆಯದನ್ನೂ ನೋಡಿದೆ. ಅಡಿಕೆ ಚೊಗರು (ಅಡಿಕೆ ಬೇಯಿಸಿದ ನೀರು) ದಂಡ, ಒಂದು ಗುಳ್ಳೆ ಬರಲಿಲ್ಲ. ಅದರ ಟ್ಯಾನಿನ್‌ಗೆ ಜೀವಿಗಳು ತಡೆಯಲ್ಲ. ಹಲಸಿನ ಹಣ್ಣಿನ ಸಾರೆ ರುಬ್ಬಿ ಹಾಕಿದಾಗ ಕಾಫಿಗಿಂತ ಜೋರಾಗಿ ಬಂತು, ಆದರೆ ಪಂಪ್ ಕಟ್ಟಿಕೊಂಡಿತು. ಅನ್ನದ ಗಂಜಿ ಪರವಾಗಿಲ್ಲ, ನಿಧಾನ.

ಸೀಸನ್ ಮುಗಿದ ಮೇಲೆ ತಳದ ಬಗ್ಗಡವನ್ನು ನೆರಳಲ್ಲಿ ಒಣಗಿಸಿ ಚೀಲಕ್ಕೆ ತುಂಬಿಡುತ್ತೇನೆ. ಮುಂದಿನ ನವೆಂಬರ್‌ಗೆ ಬೆಲ್ಲದ ನೀರಲ್ಲಿ ನೆನೆಸಿದರೆ ಎರಡು ಮೂರು ದಿನದಲ್ಲಿ ಎದ್ದು ಕೂರುತ್ತೆ. ಬೇಕಾದವರು ಪಲ್ಪಿಂಗ್ ಶುರುವಾಗುವ ಮುಂಚೆ ಬನ್ನಿ, ದುಡ್ಡು ಬೇಡ. ಚೀಲ ಮಾತ್ರ ನೀವೇ ತನ್ನಿ, ಆ ವಾಸನೆಯ ಚೀಲ ವಾಪಸ್ ಬಂದರೆ ನಮ್ಮ ಮನೆಯವರು ನನ್ನನ್ನೂ ಒಳಗೆ ಸೇರಿಸಲ್ಲ.