ಲಾರಿಯ ಎಲ್‌ಇಡಿ ಹೆಡ್‌ಲೈಟ್ ಮಿಣುಕಿದರೆ ಮೊದಲು ಅರ್ತ್ ನೋಡಿ

ತುಮಕೂರಿನಲ್ಲಿ ಹ್ಯಾಲೊಜೆನ್ ತೆಗೆಸಿ ಎಲ್‌ಇಡಿ ಹಾಕಿಸಿದ ಲಾರಿಗಳಿಂದ ಬರುವ ದೂರು ಹೆಚ್ಚುಕಡಿಮೆ ಒಂದೇ: ಲೈಟು ಮಿಣುಕುತ್ತದೆ, ಇಲ್ಲವೇ ಒಂದು ಕಡೆಯದು ಹತ್ತುವುದೇ ಇಲ್ಲ. ಬಲ್ಬಿನ ಮೇಲೆ ಬಲ್ಬ್ ಬದಲಿಸಿ ದುಡ್ಡು ಕಳೆಯುವವರೇ ಜಾಸ್ತಿ. ನಾನು ಬಲ್ಬ್ ಬದಲಿಸುವುದು ಕೊನೆಗೆ.

ಆದರೆ ಬಲ್ಬಿನ ಮೇಲಿನ ಬರಹ ಮಾತ್ರ ಮೊದಲೇ ಓದುತ್ತೇನೆ. ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೀರೀಸ್‌ನಲ್ಲಿವೆ, ಅಂದರೆ ಒಂದರ ಹಿಂದೊಂದು ಸೇರಿ 24 ವೋಲ್ಟ್; ಎಂಜಿನ್ ಓಡುವಾಗ 27.5ರಿಂದ 28.5 ವೋಲ್ಟ್ ಬರುತ್ತದೆ. 9–32 ವೋಲ್ಟ್ ಎಂದಿದ್ದರೆ ಸರಿ. ಕಾರಿನ 12 ವೋಲ್ಟ್ ಬಲ್ಬ್ ತಂದು, ಒಂದೇ ಬ್ಯಾಟರಿಯಿಂದ ವೈರ್ ಎಳೆದು ಹಾಕುವ ರೂಢಿ ಇದೆ. ದಯವಿಟ್ಟು ಬೇಡ. ಆ ಬ್ಯಾಟರಿ ಸದಾ ಅರೆಹೊಟ್ಟೆ, ಇನ್ನೊಂದಕ್ಕೆ ಅತಿ ಚಾರ್ಜು. ಎರಡೂ ಬೇಗ ಸಾಯುತ್ತವೆ.

ಈಗ ವೋಲ್ಟ್ ಅಳೆಯುವ ಮೀಟರ್. ಬಲ್ಬಿನ ಪ್ಲಗ್ ಕಿತ್ತು ಅಳೆದು '24 ಬರ್ತಿದೆ, ವೈರಿಂಗ್ ಸರಿಯಿದೆ' ಎನ್ನುವುದೇ ಮೋಸ ಹೋಗುವ ಜಾಗ. ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಪೂರ್ತಿ ವೋಲ್ಟ್ ತೋರಿಸುತ್ತದೆ. ಲೈಟು ಹತ್ತಿರುವಾಗಲೇ ಪ್ಲಗ್ಗಿನ ಹಿಂದಿನಿಂದ ಮೀಟರಿನ ವೈರಿನ ತುದಿಯ ಮುಳ್ಳು ತೂರಿಸಿ ಅಳೆಯಬೇಕು. ಲೈಟು ಹತ್ತದಿದ್ದರೆ ಅದರ ಜಾಗಕ್ಕೆ ಇಂಡಿಕೇಟರಿನ 24 ವೋಲ್ಟ್, 21 ವ್ಯಾಟ್ ಬಲ್ಬ್ ಕೊಡಿ. ಕೆಂಪು ಮುಳ್ಳು ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಪ್ಲಗ್ಗಿನ ಪ್ಲಸ್‌ಗೆ: ಅರ್ಧ ವೋಲ್ಟಿನ ಒಳಗಿರಬೇಕು. ಆಮೇಲೆ ಪ್ಲಗ್ಗಿನ ಅರ್ತ್‌ನಿಂದ (ಕರೆಂಟು ಗಾಡಿಯ ಲೋಹದ ಮೂಲಕ ಬ್ಯಾಟರಿಗೆ ಮರಳುವ ದಾರಿ) ಬ್ಯಾಟರಿಯ ಮೈನಸ್‌ಗೆ: ಅದೂ ಅಷ್ಟೇ.

ಹತ್ತರಲ್ಲಿ ಏಳೆಂಟು ಸಲ ಕೆಟ್ಟಿರುವುದು ಈ ಎರಡನೆಯದು. ಈಚೆಗೆ ಆರು ಚಕ್ರದ ಲಾರಿಯೊಂದರಲ್ಲಿ ಪ್ಲಸ್ ಕಡೆ 0.3 ಇತ್ತು, ಅರ್ತ್ ಕಡೆ 3. ಕ್ಯಾಬಿನ್ ಅಲುಗಿಸಿದರೆ ಅದೇ 15 ದಾಟುತ್ತಿತ್ತು. ಕ್ಯಾಬಿನ್ ಕೂತಿರುವುದು ರಬ್ಬರಿನ ಮೇಲೆ. ಛಾಸಿಸ್‌ಗೂ (ಲಾರಿಯ ಕೆಳಗಿನ ಲೋಹದ ಚೌಕಟ್ಟು) ಕ್ಯಾಬಿನ್‌ಗೂ ನಡುವಿನ ಅರ್ತ್ ಪಟ್ಟಿ ತುಕ್ಕು ಹಿಡಿದರೆ ಕರೆಂಟಿಗೆ ಬೇರೆ ದಾರಿಯಿಲ್ಲ. ಹ್ಯಾಲೊಜೆನ್ ಆಗಿದ್ದರೆ ಮಂಕಾಗಿ ಉರಿಯುತ್ತಿತ್ತು, ಯಾರೂ ಗಮನಿಸುತ್ತಿರಲಿಲ್ಲ. ಎಲ್‌ಇಡಿಯ ಡ್ರೈವರ್, ಅಂದರೆ ಅದಕ್ಕೆ ಕರೆಂಟನ್ನು ಹದ ಮಾಡಿ ಕೊಡುವ ಸರ್ಕ್ಯೂಟು, ವೋಲ್ಟ್ ಬಿದ್ದಾಗ ಆರಿ, ಮತ್ತೆ ಹೊತ್ತಿಕೊಳ್ಳುತ್ತದೆ. ಅದೇ ಮಿಣುಕು.

ಬ್ಯಾಟರಿಯ ಮೈನಸ್ ಬಿಚ್ಚಿ, ಬೋಲ್ಟಿನ ಕೆಳಗಿನ ಪೇಂಟನ್ನು ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ಲಗ್ (ವೈರಿನ ತುದಿಗೆ ಹಾಕುವ ಲೋಹದ ಬಳೆ) ಹಾಕಿ, ಹಲ್ಲಿರುವ ಸ್ಟಾರ್ ವಾಷರ್ ಕೊಟ್ಟು ಬಿಗಿ ಮಾಡಿ, ಮೇಲೆ ಗ್ರೀಸ್ ಬಳಿದೆ. ಹೆಡ್‌ಲೈಟಿನಿಂದ ನೇರ ಛಾಸಿಸ್‌ಗೆ 2.5 ಚದರ ಮಿ.ಮೀ. ವೈರನ್ನೂ ಎಳೆದೆ. ಕ್ಯಾಬಿನ್ ಎತ್ತಿದಾಗ ಜಗ್ಗದಷ್ಟು ಸಡಿಲ ಬಿಡಬೇಕು. ಕ್ಯಾಬಿನ್ ಮಡಚುವ ಜಾಗದಲ್ಲೇ ವೈರು ಒಳಗೊಳಗೇ ತುಂಡಾಗುವುದು.

ಎಂಜಿನ್ ಆಫ್ ಇದ್ದಾಗ ಸರಿಯಿದ್ದು ಓಡುವಾಗ ಮಾತ್ರ ಮಿಣುಕಿದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡಿ. ಬ್ಯಾಟರಿಯಲ್ಲಿ 29 ವೋಲ್ಟ್ ದಾಟಿದರೆ ಅದರ ವೋಲ್ಟ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಮೇಲೆ ಅನುಮಾನ. ಮೀಟರನ್ನು ಎಸಿಗೆ ತಿರುಗಿಸಿದಾಗ 1 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಸಿಯನ್ನು ಡಿಸಿ ಮಾಡುವ ಡಯೋಡ್ ಮೇಲೆ. ಬ್ಯಾಟರಿ ಟರ್ಮಿನಲ್ ಸಡಿಲವಿದ್ದರೆ ವೋಲ್ಟ್ ಒಮ್ಮೆಲೇ ಜಿಗಿದು ಡ್ರೈವರ್ ಸುಟ್ಟುಹೋಗಬಹುದು.

ಹ್ಯಾಲೊಜೆನ್ ಹತ್ತುತ್ತದೆ, ಎಲ್‌ಇಡಿ ಹತ್ತುವುದಿಲ್ಲ ಅಂದರೆ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಡಿಮ್ಮಿಗೂ ಬ್ರೈಟಿಗೂ ಸೇರಿದ ಕಾಮನ್ ಪಿನ್ ಮೈನಸ್ ಬದಲು ಪ್ಲಸ್ ಆಗಿರಬಹುದು. ಬಲ್ಬ್ ಕಿತ್ತು, ಕಪ್ಪು ಮುಳ್ಳು ಬ್ಯಾಟರಿ ಮೈನಸ್‌ಗೆ ಇಟ್ಟು, ಕೆಂಪನ್ನು ಒಂದೊಂದೇ ಪಿನ್ನಿಗೆ ಮುಟ್ಟಿಸಿ ನೋಡಿ: ಡಿಮ್ಮಿಗೂ ಬ್ರೈಟಿಗೂ ಒಂದೇ ಪಿನ್ನಿನಲ್ಲಿ 24 ನಿಂತಿದ್ದರೆ ಅದೇ ಕತೆ. ಫಿಲಮೆಂಟಿಗೆ ಪ್ಲಸ್ ಮೈನಸ್ ಭೇದವಿಲ್ಲ, ಎಲ್‌ಇಡಿಗೆ ಉಂಟು. ಇಂಥದ್ದಕ್ಕೆ ನೆಗೆಟಿವ್ ಸ್ವಿಚ್ಚಿಂಗಿನ (ಮೈನಸ್ ಕಡೆ ಸ್ವಿಚ್ ಇರುವ ವೈರಿಂಗಿನ) ಅಡಾಪ್ಟರ್ ಬೇಕು.

ಹತ್ತು ಹದಿನೈದು ನಿಮಿಷ ಉರಿದು ಮಂಕಾದರೆ ಬಿಸಿ ಕಾರಣ. ಶಿರಾ ಕಡೆ ಮಣ್ಣುದಾರಿಯಲ್ಲಿ ಓಡಿದ ಗಾಡಿಗಳಲ್ಲಿ ಬಲ್ಬಿನ ಹಿಂದಿನ ಫ್ಯಾನು ಧೂಳಿನಿಂದ ಕಟ್ಟಿಕೊಂಡಿರುತ್ತದೆ. ಬ್ರಷ್‌ನಿಂದ ತೆಗೆಯಿರಿ.

ಕೊನೆಗೆ ಬೆಳಕಿನ ದಿಕ್ಕು. ಬಲ್ಬಿನಲ್ಲಿ ಬೆಳಕು ಕೊಡುವ ಎಲ್‌ಇಡಿ ಚಿಪ್‌ಗಳು ಎಡಕ್ಕೂ ಬಲಕ್ಕೂ ಮುಖ ಮಾಡಿರಬೇಕು. ಮೇಲೆ ಕೆಳಗೆ ತಿರುಗಿದ್ದರೆ ಎದುರು ಬರುವವರ ಕಣ್ಣು ಕುಕ್ಕುತ್ತದೆ. ಸಮನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ ಡಿಮ್ ಹಾಕಿ: ಬೆಳಕಿನ ಮೇಲಂಚು ಬಲ್ಬಿನ ಎತ್ತರಕ್ಕಿಂತ 10ರಿಂದ 15 ಸೆಂ.ಮೀ. ಕೆಳಗಿರಬೇಕು, ಎಡಕ್ಕೆ ಮಾತ್ರ ಏರಬೇಕು. ಈ ಅಂಚು ಗೋಡೆಯ ಮೇಲೆ ಮೂಡದೆ ಬೆಳಕು ಕದಡಿದಂತೆ ಹರಡಿದರೆ ಆ ಬಲ್ಬ್ ನಿಮ್ಮ ರಿಫ್ಲೆಕ್ಟರಿಗೆ ಹೊಂದುವುದಿಲ್ಲ. ನಾನು ತೆಗೆದು ಹ್ಯಾಲೊಜೆನ್ನನ್ನೇ ಮತ್ತೆ ಹಾಕುತ್ತೇನೆ.