ಮೂರನೇ ಟ್ಯಾಂಕ್ ಸೋರಲಿಲ್ಲ

ಸಮುದ್ರದ ಮೀನು, ಹವಳ ಸಾಕೋಕೆ ಅಕ್ರಿಲಿಕ್‌ನಲ್ಲಿ, ಅಂದರೆ ಗಾಜಿನಂಥ ಪ್ಲಾಸ್ಟಿಕ್‌ನಲ್ಲಿ, ನಾನೇ ಮಾಡಿದ ಮೂರನೇ ಟ್ಯಾಂಕ್‌ಗೆ ಉಪ್ಪುನೀರು ತುಂಬಿ ಈ ಮಾರ್ಚ್‌ಗೆ ಎರಡು ವರ್ಷ ಆಯಿತು. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಹತ್ತಿರ ಹತ್ತಿರ 190 ಲೀಟರ್. ಇವತ್ತಿನವರೆಗೆ ಒಂದು ಹನಿ ಸೋರಿಲ್ಲ. ಮೊದಲ ಆರು ತಿಂಗಳು ಕೆಳಗೆ ಪೇಪರ್ ಹಾಸಿ ದಿನಾ ಬೆಳಗ್ಗೆ ಎದ್ದ ತಕ್ಷಣ ಮುಟ್ಟಿ ನೋಡುತ್ತಿದ್ದೆ. ಈಗ ಆ ಪೇಪರ್ ತೆಗೆದುಬಿಟ್ಟಿದ್ದೇನೆ.

ಶುರು ಮಾಡಿದಾಗ ಒಬ್ಬರೂ ಆಗುತ್ತದೆ ಅನ್ನಲಿಲ್ಲ. ಬೆಂಗಳೂರಿನ ಶಿವಾಜಿನಗರದಲ್ಲಿ ನಾನು ಮೀನು ತರುವ ಅಂಗಡಿಯವರು, "ಅಣ್ಣಾ, ಬೇಡ. ಸುಮ್ನೆ ದುಡ್ಡು ಹಾಳು. ಗ್ಲಾಸ್‌ನಲ್ಲಿ ಆರು ಸಾವಿರಕ್ಕೆ ಮಾಡಿಸಿಕೊಡ್ತೀನಿ" ಅಂದರು. ನನಗೆ ಗ್ಲಾಸ್ ಬೇಡವಾಗಿತ್ತು. ನಮ್ಮದು ಮೊದಲನೇ ಮಹಡಿ, ಇಕ್ಕಟ್ಟಾದ ಮೆಟ್ಟಿಲು. ಅಷ್ಟೇ ದಪ್ಪದ ಗಾಜಿಗೆ ಹೋಲಿಸಿದರೆ ಅಕ್ರಿಲಿಕ್ ತೂಕ ಅರ್ಧಕ್ಕಿಂತ ಕಡಿಮೆ. ಇಬ್ಬರು ಎತ್ತಿದರೆ ಸಾಕು. ಮೇಲೆ ಬಂದ ನೀರು ಹೊರಗೆ ಹರಿಯುವ ಓವರ್‌ಫ್ಲೋ ತೂತು ಎಲ್ಲಿ ಬೇಕೋ ಅಲ್ಲಿ ನಾನೇ ಕೊರೆದುಕೊಳ್ಳಬಹುದು.

ಮೊದಲನೇದು ಕೆಟ್ಟದ್ದು ಅಂಚಿನಲ್ಲಿ. ಪೀಣ್ಯದಲ್ಲಿ ಲೇಸರ್ ಕಟಿಂಗ್ ಮಾಡಿಸಿದೆ. "ಸಾರ್, ಅಂಚು ಗಾಜಿನ ಥರ ಬರುತ್ತೆ" ಅಂದಿದ್ದರು, ಹಾಗೇ ಬಂತು. ಅಂಗಡಿ ಬೋರ್ಡ್ ಮಾಡುವವರ ಥರ ಕ್ಲೋರೋಫಾರ್ಮ್ ಹಾಕಿ ಅಂಟಿಸಿದೆ. ಟೆರೇಸ್ ಮೇಲೆ ನೀರು ತುಂಬಿದ ನಾಲ್ಕನೇ ದಿನ ಟಾರ್ಚ್ ಬಿಟ್ಟು ನೋಡಿದರೆ ಅಂಚಿನಿಂದ ಒಳಕ್ಕೆ ಕೂದಲಿನಂಥ ಬಿರುಕುಗಳು, ನೂರಾರು. ಒಂಬತ್ತನೇ ದಿನ ಕೆಳಗಿನ ಜಾಯಿಂಟ್ ಸೋರಿತು. ಲೇಸರ್ ಶಾಖಕ್ಕೆ ಅಂಚಿನಲ್ಲಿ ಬಿಗಿತ ಉಳಿದಿರುತ್ತದೆ, ಕ್ಲೋರೋಫಾರ್ಮ್‌ನಂಥ ಸಾಲ್ವೆಂಟ್ (ಪ್ಲಾಸ್ಟಿಕ್ ಕರಗಿಸಿ ಅಂಟಿಸುವ ದ್ರವ) ತಾಗಿದ ಕೂಡಲೇ ಅದು ಸೀಳುತ್ತದೆ. ಸಾಲದ್ದಕ್ಕೆ ಕಾಸ್ಟ್ ಶೀಟ್ (ಅಚ್ಚಿನಲ್ಲಿ ಎರೆದದ್ದು) ಅಂತ ನನಗೆ ಕೊಟ್ಟಿದ್ದು ಎಕ್ಸ್‌ಟ್ರೂಡೆಡ್ (ಮೆಷಿನ್‌ನಲ್ಲಿ ಒತ್ತಿ ತೆಗೆದದ್ದು). ಈಗ ನಾನು ಅಂಗಡಿಯಲ್ಲೇ ತುಂಡು ಕೇಳಿ ಡ್ರಿಲ್ ಹಾಕಿ ನೋಡುತ್ತೇನೆ. ಕಾಸ್ಟ್ ಆದರೆ ಪುಡಿ ಉದುರುತ್ತದೆ, ಇನ್ನೊಂದು ಕರಗಿ ಬಿಟ್‌ಗೆ ಮೆತ್ತಿಕೊಳ್ಳುತ್ತದೆ. ಆ ಪಾಠಕ್ಕೆ ಹದಿನೇಳು ಹದಿನೆಂಟು ಸಾವಿರ ಹೋಯಿತು.

ಎರಡನೇದು ನೋವು ಕೊಟ್ಟಿದ್ದು ಜಾಸ್ತಿ. ಶೀಟ್ ಸರಿಯಾಗಿತ್ತು, ಕಟಿಂಗ್ ಸರಿಯಾಗಿತ್ತು, ಅಂಟಿಸಿದ್ದು ಜುಲೈನಲ್ಲಿ. ಹೊರಗೆ ಜಿಟಿಜಿಟಿ ಮಳೆ. ಸಾಲ್ವೆಂಟ್ ಆರುವಾಗ ಜಾಯಿಂಟ್ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂರುತ್ತದೆ. ಜಾಯಿಂಟ್ ಉದ್ದಕ್ಕೂ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗಾಯಿತು. ನೋಡೋಕೆ ಚೆನ್ನಾಗಿಲ್ಲ ಅಷ್ಟೇ ಅಂದುಕೊಂಡೆ. ಟೆರೇಸ್ ಮೇಲೆ ಹತ್ತು ದಿನ ನಿಂತಿತು. ಹಾಲ್‌ಗೆ ತಂದೆ, ಉಪ್ಪು ಹಾಕಿದೆ, ಕಲ್ಲು ಜೋಡಿಸಿದೆ. ಇಪ್ಪತ್ಮೂರನೇ ದಿನ ರಾತ್ರಿ ಎರಡು ಗಂಟೆಗೆ ಟಪ್ ಅಂತ ಒಂದು ಸದ್ದು. ಹಿಂದಿನ ಮೂಲೆ ಒಂದು ಗೇಣು ಬಾಯಿ ಬಿಟ್ಟಿತ್ತು. ಅಮ್ಮ, ಅಪ್ಪನ ಹಳೇ ಪಂಚೆ, ಬೆಡ್‌ಶೀಟು ಎಲ್ಲಾ ತಂದು ಹಾಸಿದರು. ನಾನು ಪೈಪ್ ಹಾಕಿ ಬಾತ್‌ರೂಮಿಗೆ ನೀರು ಬಿಟ್ಟೆ. ಮೀನು ಇನ್ನೂ ಹಾಕಿರಲಿಲ್ಲ, ಅದೊಂದೇ ಸಮಾಧಾನ. ಏಳು ಕೆ.ಜಿ. ಉಪ್ಪು ಮೋರಿ ಸೇರಿತು.

ಅವತ್ತು ಬಿಟ್ಟುಬಿಡೋಣ ಅನಿಸಿತ್ತು. ಆದರೆ ಒಡೆದ ಜಾಯಿಂಟ್ ಕೈಯಲ್ಲಿ ಹಿಡಿದು ನೋಡಿದಾಗ ವಿಷಯ ಸ್ಪಷ್ಟವಾಯಿತು. ಬೆಳ್ಳಗಾದ ಕಡೆ ಮಾತ್ರ ಬಿಟ್ಟಿತ್ತು. ಪಾರದರ್ಶಕವಾಗಿ ಕೂತ ಕಡೆ ಸುತ್ತಿಗೆ ಹೊಡೆದರೂ ಜಾಯಿಂಟ್ ಬಿಡಲಿಲ್ಲ, ಪಕ್ಕದ ಶೀಟೇ ಮುರಿಯಿತು. ಹಾಗಾಗಿ ಫೆಬ್ರವರಿವರೆಗೆ ಕಾದೆ. ಬೆಂಗಳೂರಲ್ಲಿ ಅಂಟಿಸೋಕೆ ಫೆಬ್ರವರಿ, ಮಾರ್ಚ್ ಬಿಟ್ಟರೆ ಬೇರೆ ತಿಂಗಳು ನಾನು ಒಪ್ಪಲ್ಲ.

ಮೂರನೇದಕ್ಕೆ 12 ಎಂಎಂ ಕಾಸ್ಟ್ ಶೀಟ್, ಎಂಟು ಬೈ ನಾಲ್ಕು ಅಡಿ, ಹದಿನಾಲ್ಕು ಸಾವಿರದ ಆಸುಪಾಸು. ಆರೂ ಪ್ಯಾನಲ್ ಒಂದೇ ಶೀಟ್‌ನಲ್ಲಿ ಬಂತು, ಮಿಕ್ಕ ಒಂದಡಿ ಪಟ್ಟಿಯಲ್ಲಿ ಓವರ್‌ಫ್ಲೋ ಬಾಕ್ಸ್ ಆಯಿತು. ಗರಗಸದ ಕಟ್ ಮೇಲೆ ರೌಟರ್ ಅನ್ನೋ ಅಂಚು ಸವರುವ ಮೆಷಿನ್‌ನಲ್ಲಿ ಅರ್ಧ ಅರ್ಧ ಎಂಎಂ ಎರಡು ಸಲ ಸವರಿದೆ. ಉಪ್ಪುಕಾಗದ ಮುಟ್ಟಿಸಬೇಡಿ, ಅಂಚು ದುಂಡಾಗುತ್ತದೆ. ಬೆಂಕಿ ತೋರಿಸಿ ಹೊಳಪು ಕೊಡುವುದಂತೂ ಬೇಡವೇ ಬೇಡ. ಎರಡು ಪ್ಯಾನಲ್ ಒಣಗಾಗಿ ನಿಲ್ಲಿಸಿದಾಗ ನಡುವೆ ಬಸ್ ಟಿಕೆಟ್ ತೂರಬಾರದು. ಮೇಲಿನ ಪ್ಯಾನಲ್ ಇಡಿಯಾಗಿ ಇಟ್ಟು ನಡುವೆ ಮಾತ್ರ ಕತ್ತರಿಸಿದೆ, ಸುತ್ತ ಮೂರು ಇಂಚು ಬಿಟ್ಟು. ಒಳಮೂಲೆ ದುಂಡಗೆ ಇರಲೇಬೇಕು. ಚೌಕ ಮೂಲೆಯಿಂದಲೇ ಬಿರುಕು ಶುರುವಾಗುವುದು.

ಅಂಟಿಸುವ ಕೆಲಸ ಟೆರೇಸ್ ಮೇಲೆ, ಬೆಳಗ್ಗೆ ಹನ್ನೊಂದಕ್ಕೆ, ನೆರಳಲ್ಲಿ. ಬಾಗಿಲು ಹಾಕಿದ ರೂಮಿನಲ್ಲಿ ಈ ಸಾಲ್ವೆಂಟ್‌ನ ಆವಿ ಕುಡಿಯಬೇಡಿ. ಕರೆಂಟ್ ವೈರ್ ಬಿಚ್ಚಿ ಒಂದೊಂದೇ ತಾಮ್ರದ ಎಳೆ ತೆಗೆದು ನಾಲ್ಕು ಇಂಚಿಗೊಂದು ಜಾಯಿಂಟ್ ಕೆಳಗೆ ಇಟ್ಟೆ. ಸಿರಿಂಜ್‌ನಲ್ಲಿ ಡೈಕ್ಲೋರೋಮೀಥೇನ್ ಅನ್ನೋ ಸಾಲ್ವೆಂಟ್ ಬಿಡುತ್ತಾ ಹೋದರೆ ಬೆಳ್ಳಿಯಂತೆ ಹೊಳೆಯುವ ಗೆರೆ ಓಡಿ ಓಡಿ ಮಾಯವಾಗುತ್ತದೆ. ಅದನ್ನು ನೋಡೋದೇ ಒಂದು ಖುಷಿ. ನಲವತ್ತು ಎಣಿಸಿ ಎಳೆಗಳನ್ನು ಸರಸರ ಎಳೆದರೆ ಪ್ಯಾನಲ್ ತನ್ನ ಭಾರಕ್ಕೇ ಕೂರುತ್ತದೆ. ಮೇಲೆ ಕಲ್ಲು ಹೇರಬೇಡಿ, ರಸವೆಲ್ಲ ಹೊರಗೆ ಬರುತ್ತದೆ. ಸಿರಿಂಜ್‌ನ ರಬ್ಬರ್ ಉಬ್ಬಿ ಸಿಕ್ಕಿಕೊಳ್ಳುತ್ತದೆ, ಒಂದು ಜಾಯಿಂಟ್‌ಗೆ ಒಂದು ಸಿರಿಂಜ್ ಅಂತ ಲೆಕ್ಕ ಇಡಿ. ಸಾಲ್ವೆಂಟ್ ಬೇಗ ಆರದ ಹಾಗೆ ನಾನು ಇನ್ನೊಂದು ದ್ರವ ಸ್ವಲ್ಪ ಬೆರೆಸುತ್ತೇನೆ. ಅದು ಯಾವುದು, ಎಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ. ಎರಡು ಟ್ಯಾಂಕ್ ಕಳೆದುಕೊಂಡು ಕಂಡುಕೊಂಡಿದ್ದು ಅದು. ಅಂಟಿಸಿ ಮೂರು ವಾರ ಒಣಗಿದ ಮೇಲೇ ನೀರು.

ನಡುವೆ ಒಂದು ಪ್ರಯೋಗ. ಕಟ್ ಮಾಡಿದ ಅಕ್ರಿಲಿಕ್‌ನ ಬಿಗಿತ ಬಿಡಿಸೋಕೆ 80 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡಬೇಕು. ನಮ್ಮ ಬೀದಿಯ ಅಯ್ಯಂಗಾರ್ ಬೇಕರಿಯವರು ಪರಿಚಯ. ರಾತ್ರಿ ಬ್ರೆಡ್ ತೆಗೆದ ಮೇಲೆ ಸೌದೆ ಒಲೆ ಆರುತ್ತಾ ಬಂದಾಗ ಓವರ್‌ಫ್ಲೋ ಪಟ್ಟಿಗಳನ್ನು ಒಳಗಿಟ್ಟುಕೊಂಡರು. ನಾಲ್ಕರಲ್ಲಿ ಎರಡು ಚೆನ್ನಾಗಿ ಬಂದವು, ಎರಡು ಹಪ್ಪಳದಂತೆ ಡೊಂಕಾದವು. ಚೆನ್ನಾಗಿ ಬಂದವನ್ನೇ ಹಾಕಿದ್ದೇನೆ.

ಇನ್ನು ನೀರಿನ ವಿಷಯ. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿರುವ ಲವಣದ ಅಳತೆ) 900 ದಾಟುತ್ತದೆ, ಫಿಲ್ಟರ್‌ನ ಮೆಂಬ್ರೇನ್ ತಿಂದುಹಾಕುತ್ತದೆ. ಕಾವೇರಿ ನೀರು ಬಂದ ದಿನ ಮಾತ್ರ ಲವಣ ತೆಗೆಯುವ ಆ ಆರ್‌ಒ ಡಿಐ ಫಿಲ್ಟರ್ ಓಡಿಸುತ್ತೇನೆ.

ಟ್ಯಾಂಕ್ ಒಳಗಿನ ಕಲ್ಲಿಗೆ ಬರೋಣ. ಹವಳದ ಕಲ್ಲನ್ನೇ ಹಾಕುವವರಿದ್ದಾರೆ. ನಮ್ಮ ಸಮುದ್ರದ ಗಟ್ಟಿ ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಅದನ್ನು ಕದ್ದು ಮಾರುವವರ ಹತ್ತಿರ ನಾನು ಹೋಗಲ್ಲ, ನೀವೂ ಹೋಗಬೇಡಿ. ಕಲ್ಲು ನಾನೇ ಮಾಡಿದೆ. ಬಿಳಿ ಸಿಮೆಂಟ್ ಒಂದು ಪಾಲು, ಕೋಳಿ ಆಹಾರಕ್ಕೆ ಬೆರೆಸುವ ಚಿಪ್ಪಿನ ಪುಡಿ ಮೂರು ಪಾಲು, ಜೊತೆಗೆ ಕಲ್ಲುಪ್ಪು. ಉಪ್ಪು ಕರಗಿದ ಜಾಗದಲ್ಲಿ ತೂತುಗಳು ಉಳಿಯುತ್ತವೆ, ಬ್ಯಾಕ್ಟೀರಿಯಾಗೆ ಮನೆ. ಡ್ರಮ್‌ನಲ್ಲಿ ಮುಳುಗಿಸಿ ವಾರಕ್ಕೊಮ್ಮೆ ನೀರು ಬದಲಿಸಿ, ಸಿಮೆಂಟಿನ ಕ್ಷಾರ ಬಿಟ್ಟು ಪಿಎಚ್ ಎಂಟೂವರೆಗೆ ಇಳಿಯೋಕೆ ಎರಡು ತಿಂಗಳ ಮೇಲೇ ಹಿಡಿಯಿತು. ಈಗ ಆ ಕಲ್ಲಿನ ಮೇಲೆ ನೇರಳೆ ಪಾಚಿ ಹಬ್ಬಿ ಸಿಮೆಂಟ್ ಅಂತ ಯಾರೂ ಹೇಳಲಾರರು.

ನೀರು ತಣ್ಣಗಿಡುವ ಚಿಲ್ಲರ್‌ಗೆ ಮೂವತ್ತೈದು ಸಾವಿರ ಕೇಳಿದರು, ಕೊಡಲಿಲ್ಲ. ಎಸ್.ಪಿ. ರಸ್ತೆಯಿಂದ ಇನ್ನೂರು ರೂಪಾಯಿಯ ನಾಲ್ಕು ಫ್ಯಾನ್ ತಂದು ನೀರಿನ ಮೇಲೆ ಗಾಳಿ ಬೀಸುವಂತೆ ಕಟ್ಟಿದೆ. ಏಪ್ರಿಲ್‌ನಲ್ಲಿ ನಮ್ಮ ಗಾಳಿ ಒಣ ಇರುತ್ತದಲ್ವಾ, 30 ಡಿಗ್ರಿ ಮುಟ್ಟುತ್ತಿದ್ದ ನೀರು 27ಕ್ಕೆ ಬಂತು. ದಿನಕ್ಕೆ ನಾಲ್ಕು ಲೀಟರ್ ಆವಿಯಾಗುತ್ತದೆ. ಎಲ್ಲರೂ ಅದನ್ನು ನಷ್ಟ ಅಂತಾರೆ, ನನಗೆ ಅದೇ ಲಾಭ. ಆ ನಾಲ್ಕು ಲೀಟರ್ ಜಾಗಕ್ಕೆ ನಾನು ಸುಣ್ಣದ ತಿಳಿ ಬಿಡುತ್ತೇನೆ. ಕ್ಯಾಲ್ಸಿಯಂ, ಆಲ್ಕಲಿನಿಟಿ (ಪಿಎಚ್ ಕುಸಿಯದಂತೆ ಹಿಡಿಯುವ ಗುಣ) ಎರಡೂ ಅದರಲ್ಲೇ ಸಿಗುತ್ತವೆ. ಮೊದಲು ಅಮ್ಮನ ಎಲೆ ಅಡಿಕೆ ಸುಣ್ಣವನ್ನೇ ಬಕೆಟ್‌ನಲ್ಲಿ ಕದಡಿ ನೋಡಿದೆ. ಫಾಸ್ಫೇಟ್ ಟೆಸ್ಟ್ ನೀಲಿ ತೋರಿಸಿತು, ಅಂದರೆ ಪಾಚಿಗೆ ಗೊಬ್ಬರ ಇದೆ ಅಂತ, ಬಿಟ್ಟೆ. ಈಗ ಲ್ಯಾಬ್‌ನ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಲೀಟರಿಗೆ ಒಂದೂವರೆ ಗ್ರಾಂ. ರಾತ್ರಿ ಹೊತ್ತು, ತಿಳಿ ಮಾತ್ರ, ಡ್ರಿಪ್ ಸೆಟ್‌ನಲ್ಲಿ ಹನಿ ಹನಿಯಾಗಿ. ಪಿಎಚ್ ಹನ್ನೆರಡು ದಾಟಿರುತ್ತದೆ, ಒಮ್ಮೆಲೇ ಸುರಿದರೆ ಮೀನು ಸತ್ತವು ಅಂತಲೇ. ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ, ಆಲ್ಕಲಿನಿಟಿ ಅದರ ಡಿಕೆಎಚ್ ಅಳತೆಯಲ್ಲಿ ಎಂಟರ ಹತ್ತಿರ ನಿಂತಿದೆ.

ಕರೆಂಟ್ ಹೋದರೆ ಬ್ಯಾಟರಿ ಏರ್‌ಪಂಪ್ ತಾನೇ ಶುರುವಾಗುತ್ತದೆ. ನಾವಿರೋದು 900 ಮೀಟರ್ ಎತ್ತರದಲ್ಲಿ, ನೀರಿನಲ್ಲಿ ಆಮ್ಲಜನಕ ಕರಾವಳಿಗಿಂತ ಕಡಿಮೆ. ಅದಕ್ಕೇ ಈ ಖರ್ಚಿಗೆ ನಾನು ಹಿಂದೆಮುಂದೆ ನೋಡಲಿಲ್ಲ. ಕೆಟ್ಟ ಎರಡು ಟ್ಯಾಂಕ್ ಸೇರಿ ಒಟ್ಟು ಒಂದು ಲಕ್ಷ ಹತ್ತು ಸಾವಿರ ದಾಟಿರಬೇಕು.

ಒಳಗೆ ಈಗ ಸಾಕಣೆಯಲ್ಲಿ ಹುಟ್ಟಿದ ಎರಡು ಕ್ಲೌನ್ ಮೀನು, ಜೊತೆಗೆ ಮೆತ್ತನೆ ಹವಳದ ಬಗೆಯವು: ಝೋವಾಂತಿಡ್, ಮಶ್ರೂಮ್, ಒಂದು ಲೆದರ್ ಕೋರಲ್. ಲೆದರ್ ಬಂದಾಗ ಒಂದು ರೂಪಾಯಿ ನಾಣ್ಯದಷ್ಟಿತ್ತು, ಈಗ ನನ್ನ ಅಂಗೈ ಅಗಲ. ಹೋದ ತಿಂಗಳು ಶಿವಾಜಿನಗರದ ಅಂಗಡಿಯವರು ಮನೆಗೆ ಬಂದು ನಾಲ್ಕೂ ಮೂಲೆಗೆ ಬೆರಳಾಡಿಸಿ ನೋಡಿದರು. ಬೆಳ್ಳಗಿನ ಗೆರೆ ಎಲ್ಲೂ ಸಿಗಲಿಲ್ಲ. "ನಾಲ್ಕು ಅಡಿದು ಒಂದು ನನಗೂ ಮಾಡಿಕೊಡ್ತೀರಾ ಅಣ್ಣಾ?" ಅಂದರು.

ಗೀರು ಬೀಳುವುದೊಂದು ನಿಜವಾದ ತೊಂದರೆ. ಪಾಚಿ ಕೆರೆಯೋಕೆ ಈಗ ಹಳೇ ಎಟಿಎಂ ಕಾರ್ಡ್ ಬಿಟ್ಟು ಬೇರೇನೂ ಬಳಸಲ್ಲ. ಮೊದಲು ಬಳಸುತ್ತಿದ್ದ ಕೆರೆಯುವ ಮ್ಯಾಗ್ನೆಟ್‌ಗೆ ಒಂದು ಮರಳಿನ ಕಣ ಸಿಕ್ಕಿ ಮುಂದಿನ ಪ್ಯಾನಲ್‌ನಲ್ಲಿ ಎರಡು ಗೀರು ಬಿದ್ದಿವೆ. ಅಂಗಡಿಯವರ ಟ್ಯಾಂಕ್‌ಗೆ ಶೀಟ್ ಕತ್ತರಿಸಿ ತಂದಾಯಿತು. ಗೋಡೆಗೆ ಒರಗಿಸಿದರೆ ಬಾಗುತ್ತದೆ ಅಂತ ಮಂಚದ ಕೆಳಗೆ ಮಟ್ಟಸವಾಗಿ ಮಲಗಿಸಿದ್ದೇನೆ. ಫೆಬ್ರವರಿ ಬರಲಿ, ಅಂಟಿಸುತ್ತೇನೆ.